ಜಲವರ್ಣ ಬಾಳುವುದಿಲ್ಲ ಎನ್ನುವ ಮುನ್ನ ಕಟ್ಟಿನ ಹಿಂಬದಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ದಸರಾ ಹತ್ತಿರವಾದಂತೆ ಮೈಸೂರಿನಲ್ಲಿ ಕಲಾ ಶಿಬಿರ, ಚಿತ್ರಸಂತೆ, ಪ್ರದರ್ಶನಗಳ ಓಡಾಟ ಶುರುವಾಗುತ್ತದೆ. ಜೊತೆಗೆ ಎರಡು ಹಳೆಯ ಮಾತುಗಳೂ ಹೊರಬರುತ್ತವೆ. 'ವಾಟರ್ ಕಲರ್ ಅಲ್ವಾ, ನಾಲ್ಕು ವರ್ಷಕ್ಕೆ ಬಣ್ಣ ಹೋಗುತ್ತೆ' ಎಂಬುದು ಕೊಳ್ಳುವವರ ಮಾತು. 'ಅರ್ಧ ಗಂಟೆ ಕೆಲಸಕ್ಕೆ ಇಷ್ಟು ರೇಟಾ?' ಎಂಬುದು ನೋಡಿಕೊಂಡು ಮುಂದೆ ಹೋಗುವವರ ಮಾತು. ಈ ಎರಡಕ್ಕೂ ಉತ್ತರ ಇದೆ. ಆದರೆ ಆ ಉತ್ತರದಲ್ಲಿ ಕಲಾವಿದರ ಪಾಲು, ಕಟ್ಟು (ಫ್ರೇಮ್) ಹಾಕುವವರ ಪಾಲು, ಸಂಘಟಕರ ಪಾಲು ಬೇರೆ ಬೇರೆಯಾಗಿರುವುದರಿಂದ ಪತ್ರ ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಬೇಕು.

ಮೊದಲಿಗೆ ಬಾಳಿಕೆಯ ಮಾತು. ಮೈಸೂರಿಗೆ ಬಂದವರೆಲ್ಲ ಜಗನ್ಮೋಹನ ಅರಮನೆಯಲ್ಲಿ ಹುಡುಕಿಕೊಂಡು ಹೋಗಿ ನೋಡುವ, ದೀಪ ಹಿಡಿದ ಹೆಣ್ಣುಮಗಳ ಚಿತ್ರ ಜಲವರ್ಣದ್ದು. ಅದನ್ನು ಬರೆದವರು ಮಹಾರಾಷ್ಟ್ರದ ಸಾವಂತವಾಡಿಯ ಎಸ್.ಎಲ್. ಹಲ್ದಣಕರ್, ಕಾಲ 1940ರ ದಶಕದ ನಡುಭಾಗ, ರೂಪದರ್ಶಿಯಾಗಿ ನಿಂತವರು ಅವರ ಮಗಳು. ಇವತ್ತಿಗೂ ಎಷ್ಟೋ ಮಂದಿ ಅದನ್ನು ರಾಜಾ ರವಿವರ್ಮರ ತೈಲವರ್ಣ ಎಂದೇ ನಂಬಿದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಬೆರಳ ಸಂದಿನಿಂದ ಕೆಂಪಗೆ ಸೋರುವ ಆ ಬೆಳಕು ಎಂಟು ದಶಕಗಳಾಗುತ್ತ ಬಂದರೂ ಹಾಗೇ ಇದೆ. ಕಾರಣದಲ್ಲಿ ಮಾಯೆಯೇನಿಲ್ಲ. ಚಿತ್ರ ಇರುವುದು ಮಬ್ಬು ಬೆಳಕಿನ ಕೋಣೆಯಲ್ಲಿ. ದೀಪದ ಹೊಳಪು ಎದ್ದು ಕಾಣಲಿ ಎಂದು ಮಾಡಿದ ಕತ್ತಲೆ ಕಾಗದವನ್ನೂ ಬಣ್ಣವನ್ನೂ ಕಾಪಾಡಿದೆ. 1790ರ ದಶಕದ ಯುದ್ಧಗಳಲ್ಲಿ ಬ್ರಿಟಿಷ್ ಸೈನ್ಯದ ಜೊತೆ ಬಂದ ಅಧಿಕಾರಿಗಳು ನಮ್ಮ ಕಡೆಯ ಕೋಟೆ, ಬೆಟ್ಟಗಳನ್ನು ಬರೆದುಕೊಂಡು ಹೋದ ಜಲವರ್ಣಗಳೂ ಲಂಡನ್ನಿನ ಸಂಗ್ರಹಗಳಲ್ಲಿ ಇಂದಿಗೂ ನೋಡುವ ಸ್ಥಿತಿಯಲ್ಲಿವೆ. ಹಾಗಿದ್ದ ಮೇಲೆ ನಮ್ಮ ಮನೆಯ ಹಜಾರದಲ್ಲಿ ಅದೇ ಮಾಧ್ಯಮ ನಾಲ್ಕು ವರ್ಷಕ್ಕೆ ಬಿಳಚಿಕೊಳ್ಳುವುದು ಯಾಕೆ?

ಒಂದು ಕಾರಣ ಟ್ಯೂಬಿನೊಳಗೇ ಇರುತ್ತದೆ. ಜಲವರ್ಣ ಎಂದರೆ ಬಣ್ಣದ ಪುಡಿ, ಅದನ್ನು ಹಿಡಿದಿಡಲು ಗೋಂದು, ಒಣಗಿ ಕಲ್ಲಾಗದಿರಲು ಸ್ವಲ್ಪ ಜೇನು ಅಥವಾ ಗ್ಲಿಸರಿನ್. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲೂ ಬಣ್ಣ ಹಿಡಿಯುವುದು ಗೋಂದೇ. ತೈಲವರ್ಣದಲ್ಲಿ ಪುಡಿಯ ಸುತ್ತ ಎಣ್ಣೆಯ ದಪ್ಪ ಪದರ ಇರುತ್ತದೆ. ಜಲವರ್ಣದ ತೆಳು ವಾಶ್‌ನಲ್ಲಿ, ಅಂದರೆ ನೀರು ಬೆರೆಸಿ ಹರವಿದ ಬಣ್ಣದ ಪದರದಲ್ಲಿ, ಪುಡಿಯ ಕಣಗಳು ಕಾಗದದ ನಾರಿನ ಮೇಲೆ ಬರಿಮೈಯಲ್ಲಿ ಕೂತಿರುತ್ತವೆ, ಬೆಳಕು ನೇರವಾಗಿ ಬಡಿಯುತ್ತದೆ. ಹಾಗಾಗಿ ಪುಡಿ ಗಟ್ಟಿಯಾದದ್ದಾಗಿರಬೇಕು. ಟ್ಯೂಬಿನ ಮೇಲಿನ ಚೆಂದದ ಹೆಸರು ನೋಡಬೇಡಿ, ಸಣ್ಣಕ್ಷರದಲ್ಲಿರುವ ಸಂಕೇತ ನೋಡಿ. ಪಿಬಿ 29 ಎಂದರೆ ಅಲ್ಟ್ರಾಮರೀನ್, ಪಿವೈ 43 ಎಂದರೆ ಯೆಲ್ಲೊ ಓಕರ್, ಪಿಆರ್ 101 ಮತ್ತು ಪಿಬಿಆರ್ 7 ಎಂದರೆ ಕಬ್ಬಿಣದ ಅಂಶದ ಮಣ್ಣಿನ ಬಣ್ಣಗಳು. ಇವು ಬಿಸಿಲಿಗೆ ಜಗ್ಗುವುದಿಲ್ಲ. ಹಳೆಯ ಅಲಿಜರಿನ್ ಕ್ರಿಮ್ಸನ್, ಅಂದರೆ ಪಿಆರ್ 83, ತೆಳುವಾಗಿ ಬಳಿದರೆ ಹೋಗಿಯೇ ಹೋಗುತ್ತದೆ. ಓಪೆರಾ ಎಂಬ ಹೆಸರಿನಲ್ಲಿ ಬರುವ ಕಣ್ಣು ಕುಕ್ಕುವ ಗುಲಾಬಿಯಲ್ಲಿ ಹೊಳೆಯುವ ಡೈ ಬೆರೆತಿರುತ್ತದೆ, ಆ ಹೊಳಪಿನ ಆಯುಸ್ಸು ಬಹಳ ಕಡಿಮೆ. ಕಾಗದದ ಹೂವಿನ (ಬೋಗನ್‌ವಿಲ್ಲಾ) ಬಳ್ಳಿಯನ್ನು ಈ ಗುಲಾಬಿಯಲ್ಲಿ ಬರೆದು ಮಾರುವವರಿದ್ದಾರೆ. ಕೊಂಡವರ ಗೋಡೆಯಲ್ಲಿ ಕೊನೆಗೆ ಉಳಿಯುವುದು ಎಲೆ ಮಾತ್ರ. ಅದರ ಬದಲು ಪಿವಿ 19 ಸಂಕೇತದ ಗುಲಾಬಿ ಬಳಸಿದರೆ ಹೊಳಪು ಒಂದು ಗುಟುಕು ಕಡಿಮೆಯಾದರೂ ಬಣ್ಣ ನಿಲ್ಲುತ್ತದೆ.

ಸಂಕೇತವನ್ನೇ ಅಚ್ಚು ಹಾಕದ ಅಗ್ಗದ ಸೆಟ್ಟುಗಳು ಮಕ್ಕಳ ಅಭ್ಯಾಸಕ್ಕೆ ಸರಿ, ಮಾರುವ ಚಿತ್ರಕ್ಕೆ ಬೇಡ. ಅನುಮಾನ ಇದ್ದರೆ ಪರೀಕ್ಷೆ ಸುಲಭ. ನಿಮ್ಮ ಪೆಟ್ಟಿಗೆಯ ಪ್ರತಿ ಬಣ್ಣವನ್ನೂ ಒಂದು ಪಟ್ಟಿ ಕಾಗದದ ಮೇಲೆ ದಟ್ಟವಾಗಿ ಒಮ್ಮೆ, ತೆಳುವಾಗಿ ಒಮ್ಮೆ ಬಳಿಯಿರಿ. ಅರ್ಧ ಭಾಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ, ಪಡುವಣದ ಕಿಟಕಿಯ ಗಾಜಿಗೆ ಮಾರ್ಚ್‌ನಲ್ಲಿ ಅಂಟಿಸಿ. ಮೇ ಕೊನೆಗೆ ಹಾಳೆ ಬಿಚ್ಚಿದರೆ ಯಾವುದು ಓಡಿಹೋಗುವ ಬಣ್ಣ ಎಂಬುದು ಗೊತ್ತಾಗುತ್ತದೆ. ತೆಳು ಪಟ್ಟಿ ಮೊದಲು ಹೋಗುತ್ತದೆ, ದಟ್ಟದ್ದು ಆಮೇಲೆ. ಚಿತ್ರ ಮಾರುವ ಪ್ರತಿಯೊಬ್ಬರ ಬಳಿಯೂ ಇಂಥದ್ದೊಂದು ಪಟ್ಟಿ ಇರಬೇಕು, ಕೊಳ್ಳುವವರು ಕೇಳಿದರೆ ತೋರಿಸಬೇಕು.

ಇನ್ನು ಕಾಗದ. ಕೆಲಸಕ್ಕೆ ಬೇಕಾದದ್ದು ನೂರಕ್ಕೆ ನೂರು ಹತ್ತಿಯ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ಆಮ್ಲವಿಲ್ಲದ ಹಾಳೆ. ಪೂರ್ಣ ಹಾಳೆ 22×30 ಇಂಚು ಇರುತ್ತದೆ. ಹೊರಾಂಗಣದಲ್ಲಿ ಬಹುತೇಕರು ಕಾಲು ಹಾಳೆಯಲ್ಲಿ, ಅಂದರೆ 11×15 ಇಂಚಿನಲ್ಲಿ ಕೆಲಸ ಮಾಡುತ್ತಾರೆ. ಮರದ ತಿರುಳಿನ ಕಾಗದ ಬೆಲೆಯಲ್ಲಿ ಹಗುರ, ಆದರೆ ಎರಡನೇ ಪದರ ಹಾಕುವಾಗ ಮೊದಲನೆಯದು ಎದ್ದು ಬರುತ್ತದೆ, ವರ್ಷಗಳು ಕಳೆದಂತೆ ಹಳದಿಗಟ್ಟುತ್ತದೆ. ಹಳದಿಗಟ್ಟಿದ ಕಾಗದವನ್ನು ಜನ 'ಬಣ್ಣ ಹೋಯಿತು' ಎಂದೇ ಓದುತ್ತಾರೆ, ಯಾಕೆಂದರೆ ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ.

ಮಳೆಗಾಲದಲ್ಲಿ ನಮ್ಮ ಕಡೆ ಕೈಕೊಡುವುದು ಸೈಜಿಂಗ್. ಕಾಗದ ನೀರನ್ನು ಒಮ್ಮೆಲೇ ಕುಡಿದುಬಿಡದಂತೆ ಕಾರ್ಖಾನೆಯಲ್ಲಿ ಜೆಲಾಟಿನ್‌ನಂಥ ಪದರ ಕೊಟ್ಟಿರುತ್ತಾರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಚ್ಚಿಟ್ಟ ಪ್ಯಾಡ್ ತೇವ ಹೀರಿದರೆ ಆ ಪದರ ಅಲ್ಲಲ್ಲಿ ಸತ್ತುಹೋಗುತ್ತದೆ. ನೋಡಲು ಹಾಳೆ ಹೊಸದರಂತೇ ಇರುತ್ತದೆ. ಆಕಾಶದ ವಾಶ್ ಎಳೆದ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿಗಳು, ಆಮೇಲೆ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ, ಅವನ್ನು ಏನು ಮಾಡಿದರೂ ತೆಗೆಯಲಾಗದು. ಹಾಗಾಗಿ ಹಾಳೆಯ ಮೂಲೆಯಲ್ಲಿ ಒಂದು ಹನಿ ಬಣ್ಣದ ನೀರು ಬಿಟ್ಟು ನೋಡುವುದು ಒಳ್ಳೆಯದು. ಹನಿ ಗುಂಡಗೆ ನಿಂತರೆ ಸರಿ, ಥಟ್ಟನೆ ಇಂಗಿದರೆ ಆ ಹಾಳೆಯನ್ನು ಪೆನ್ಸಿಲ್ ಕೆಲಸಕ್ಕೆ ಬಿಡಿ. ಉಳಿದ ಹಾಳೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿ, ನೆಲದಿಂದ ಮೇಲೆ, ಹೊರಗೋಡೆಯಿಂದ ದೂರ ಇಡಬೇಕು. ಕೊಬ್ಬರಿ ಎಣ್ಣೆ ಹಚ್ಚಿದ ತಲೆ ಮುಟ್ಟಿ ಅದೇ ಕೈಯಲ್ಲಿ ಹಾಳೆ ಎತ್ತಿದರೆ ಬೆರಳ ಗುರುತು ಬಿದ್ದ ಜಾಗದಲ್ಲಿ ಬಣ್ಣ ಕೂರುವುದಿಲ್ಲ. ಇದನ್ನು ಶಿಬಿರಕ್ಕೆ ಬರುವ ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡುವುದಿಲ್ಲ.

ದೊಡ್ಡ ಹಾಳೆ ನೀರು ಕುಡಿದಾಗ ಉಬ್ಬಿ ಅಲೆಯೇಳುತ್ತದೆ, ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ. ಅದಕ್ಕೆ ಹಾಳೆಯನ್ನು ಮೊದಲೇ ಬಿಗಿದಿಡಬೇಕು. ತೊಟ್ಟಿಯ ನೀರಿನಲ್ಲಿ ಐದಾರು ನಿಮಿಷ ನೆನೆಸಿ, ಎತ್ತಿ ನೀರು ಇಳಿಸಿ, 12 ಮಿಲಿಮೀಟರ್ ಪ್ಲೈವುಡ್ ಮೇಲೆ ಹರಡಿ, ನಾಲ್ಕೂ ಅಂಚಿಗೆ ಗೋಂದು ಸವರಿದ ಕಂದು ಕಾಗದದ ಟೇಪು ಒತ್ತಿ, ಮಲಗಿಸಿ ರಾತ್ರಿಯಿಡೀ ಒಣಗಲು ಬಿಡುವುದು ಕ್ರಮ. ಟೇಪಿಗೆ ನೀರು ಜಾಸ್ತಿಯಾದರೆ ಗೋಂದು ತೊಳೆದುಹೋಗಿ ಬೆಳಿಗ್ಗೆ ಒಂದು ಬದಿ ಬಿಟ್ಟುಕೊಂಡಿರುತ್ತದೆ. ಅವಸರಕ್ಕೆ ಹೇರ್ ಡ್ರೈಯರ್ ಹಿಡಿದರೆ ಒಂದು ಮಗ್ಗುಲು ಮೊದಲು ಬಿಗಿದುಕೊಂಡು ಹಾಳೆ ಹರಿಯುವುದೂ ಉಂಟು. 640 ಜಿಎಸ್‌ಎಂ ಹಾಳೆಗೆ ಈ ರಗಳೆ ಇಲ್ಲ, ಆದರೆ ಅದರ ಬೆಲೆ ಕೇಳಿದ ಮೇಲೆ ರಗಳೆಯೇ ವಾಸಿ ಎನಿಸುತ್ತದೆ.

ಈಗ ಅರ್ಧ ಗಂಟೆಯ ಪ್ರಶ್ನೆಗೆ ಬರೋಣ. ಕುಂಚ ಕಾಗದಕ್ಕೆ ತಾಗಿರುವ ಸಮಯ ಕೆಲವೊಮ್ಮೆ ನಿಜಕ್ಕೂ ಅಷ್ಟೇ. ಉಳಿದ ಕೆಲಸವೆಲ್ಲ ಅದಕ್ಕೆ ಮೊದಲೇ ಆಗಿಹೋಗಿರುತ್ತದೆ. ಮೊದಲು 3×4 ಇಂಚಿನ ಸಣ್ಣ ಚೌಕದಲ್ಲಿ ಪೆನ್ಸಿಲ್‌ನಿಂದ ಮೂರೇ ಛಾಯೆಗಳಲ್ಲಿ ದೃಶ್ಯವನ್ನು ಬಿಡಿಸಿಕೊಳ್ಳುತ್ತಾರೆ. ಯಾವುದು ಬಿಳಿಯಾಗಿ ಉಳಿಯಬೇಕು, ಯಾವುದು ನಡುವಣದ್ದು, ಯಾವುದು ಕಡುಗಪ್ಪು ಎಂಬ ತೀರ್ಮಾನ ಅಲ್ಲಿ ಆಗುತ್ತದೆ. ತೈಲವರ್ಣದಲ್ಲಿ ಕೊನೆಗೆ ಬಿಳಿ ಇಡಬಹುದು. ಇಲ್ಲಿ ಬಿಳಿಯನ್ನು ಮೊದಲ ವಾಶ್‌ನಲ್ಲೇ ಬಿಟ್ಟುಕೊಂಡಿರಬೇಕು. ರೇಖಾಚಿತ್ರ ಹಗುರವಾಗಿರಬೇಕು, ರಬ್ಬರ್ ಉಜ್ಜಿದರೆ ಸೈಜಿಂಗ್ ಕಿತ್ತುಬಂದು ಆ ಗೆರೆ ಬಣ್ಣದಲ್ಲಿ ಕಪ್ಪಾಗಿ ಏಳುತ್ತದೆ.

ವಾಶ್‌ಗೆ ಬೇಕಾದಷ್ಟು ಬಣ್ಣವನ್ನು ಮೊದಲೇ ಕಲಸಿಡಬೇಕು. ಅರ್ಧ ಹಾಳೆಯ ಆಕಾಶಕ್ಕೆ ಕನಿಷ್ಠ 30 ಮಿಲಿಲೀಟರ್ ಬೇಕು, ಒಂದು ಸಣ್ಣ ಸ್ಟೀಲ್ ಬಟ್ಟಲಿನಷ್ಟು. ನಡುವೆ ಬಣ್ಣ ಮುಗಿದು ಮತ್ತೆ ಕಲಸುವಷ್ಟರಲ್ಲಿ ಅಂಚು ಒಣಗಿ ಗೆರೆ ಬಿದ್ದಿರುತ್ತದೆ. ಬೋರ್ಡನ್ನು 15 ಡಿಗ್ರಿಯಷ್ಟು ಓರೆಯಾಗಿಟ್ಟು, ಮೇಲಿನಿಂದ ಕೆಳಕ್ಕೆ ಮಣಿಯಂತೆ ಇಳಿಯುವ ಬಣ್ಣವನ್ನು ಎಳೆದುಕೊಂಡು ಬರುತ್ತಾರೆ. ಒದ್ದೆ ಕಾಗದ ಮೊದಲು ಹೊಳೆಯುತ್ತದೆ, ಸ್ವಲ್ಪ ಹೊತ್ತಿಗೆ ಹೊಳಪು ಕಳೆದು ಮಂಕಾಗುತ್ತದೆ, ಕೊನೆಗೆ ಒಣಗುತ್ತದೆ. ಹೊಳಪಿರುವಾಗ ಬಣ್ಣಕ್ಕೆ ಬಣ್ಣ ಬೆರೆಸಬಹುದು. ಪೂರ್ತಿ ಒಣಗಿದ ಮೇಲೆ ಹೊಸ ಪದರ ಹಾಕಬಹುದು. ನಡುವಿನ ಮಂಕು ಹಂತದಲ್ಲಿ ನೀರು ಹೆಚ್ಚಿರುವ ಕುಂಚ ತಾಗಿಸಿದರೆ ಆ ನೀರು ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಹೂಕೋಸಿನಂಥ ಅಂಚಿನ ಕಲೆ ಮಾಡುತ್ತದೆ. ಕಲಿಯುವವರ ಚಿತ್ರಗಳು ಕೆಡುವುದು ಬಹುಪಾಲು ಇಲ್ಲೇ. ಕಣ್ಣನ್ನು ಕಾಗದಕ್ಕೆ ಓರೆ ಹಿಡಿದು ಹೊಳಪು ನೋಡುವ ಅಭ್ಯಾಸ ಇಲ್ಲದವರು ಎಷ್ಟು ಒಳ್ಳೆಯ ಕುಂಚ ಕೊಂಡರೂ ಪ್ರಯೋಜನವಿಲ್ಲ. ಒಣಗಿದ ಮೇಲೆ ಬಣ್ಣ ಒಂದು ಛಾಯೆ ತಿಳಿಯಾಗುತ್ತದೆ ಎಂಬ ಲೆಕ್ಕವನ್ನೂ ಕಲಸುವಾಗಲೇ ಹಿಡಿದಿರಬೇಕು.

ಹೊಳಪಿರುವ ಈ ಅವಧಿ ಮೈಸೂರಿನಲ್ಲಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತರೆ ವಾಶ್ ಎಳೆದು ಮುಗಿಸುವಷ್ಟರಲ್ಲಿ ಮೇಲ್ಭಾಗ ಒಣಗಿರುತ್ತದೆ. ಜುಲೈನ ಜಿಟಿಜಿಟಿ ಮಳೆಯಲ್ಲಿ ಅದೇ ವಾಶ್ ಒಣಗಲಿ ಎಂದು ಕಾಯುತ್ತ ಕೂರಬೇಕು. ಬೇಸಿಗೆಯಲ್ಲಿ ಒಂದು ಲೋಟ ನೀರಿಗೆ ಎರಡು ಮೂರು ತೊಟ್ಟು ಗ್ಲಿಸರಿನ್ ಹಾಕಿದರೆ ಸ್ವಲ್ಪ ಬಿಡುವು ಸಿಗುತ್ತದೆ. ಚಮಚದಲ್ಲಿ ಸುರಿದರೆ ಚಿತ್ರ ಜಿಗುಟಾಗಿಯೇ ಉಳಿದು, ಮಳೆಗಾಲದಲ್ಲಿ ಬೂಷ್ಟು ಅಲ್ಲೇ ಮೊದಲು ಹಿಡಿಯುತ್ತದೆ. ಹೊಸ ಬಡಾವಣೆಗಳ ಬೋರ್‌ವೆಲ್ ಗಡಸು ನೀರಿಗಿಂತ ನಲ್ಲಿಯ ಕಾವೇರಿ ನೀರು ಮೇಲು. ಗಡಸು ನೀರಿನಲ್ಲಿ ಕೆಲವು ಬಣ್ಣಗಳು ಒಡೆದು ಚೂರುಚೂರಾಗಿ ಕೂರುತ್ತವೆ. ನೀರಿನ ಡಬ್ಬಿ ಎರಡಿರಬೇಕು, ಒಂದು ಕುಂಚ ತೊಳೆಯಲು, ಒಂದು ಬಣ್ಣ ಕಲಸಲು. ಕುಂಚದ ವಿಷಯ ಹೆಚ್ಚು ಹೇಳುವುದಿಲ್ಲ: ನೀರು ಹಿಡಿಯುವ ಒಂದು ದೊಡ್ಡ ಮಾಪ್ (ದಪ್ಪ, ಮೆತ್ತನೆಯ ಕುಂಚ), ಮೊನೆ ನಿಲ್ಲುವ 8 ಮತ್ತು 12ನೇ ನಂಬರಿನ ಎರಡು, ರೆಂಬೆಗಳಿಗೆ ಒಂದು ರಿಗ್ಗರ್ (ಉದ್ದ ಕೂದಲಿನ ತೆಳು ಕುಂಚ). ಅಷ್ಟಿದ್ದರೆ ಪ್ರದರ್ಶನ ಮಾಡಬಹುದು.

ತಪ್ಪಿದರೆ ತಿದ್ದಲು ಅವಕಾಶ ಕಡಿಮೆ. ಅಲ್ಟ್ರಾಮರೀನ್ ಅನ್ನು ಒದ್ದೆ ಕುಂಚದಿಂದ ಒಂದಿಷ್ಟು ಎತ್ತಬಹುದು. ಥ್ಯಾಲೊ ನೀಲಿ ನಾರಿಗೆ ಕಚ್ಚಿಕೊಂಡರೆ ಮುಗಿಯಿತು. ಕೆಟ್ಟ ಹಾಳೆಯ ಹಿಂಬದಿ ಅಭ್ಯಾಸಕ್ಕೆ ಹೋಗುತ್ತದೆ, ಅದರ ಹಣವನ್ನು ಯಾರೂ ಕೊಡುವುದಿಲ್ಲ. ಗೋಡೆಗೆ ಬಂದ ಒಂದು ಚಿತ್ರದ ಬೆಲೆಯಲ್ಲಿ ಗೋಡೆಗೆ ಬಾರದ ಹಾಳೆಗಳದ್ದೂ ಸೇರಿರುತ್ತದೆ. ಅದರ ಜೊತೆಗೆ ಮೌಂಟು (ಚಿತ್ರದ ಸುತ್ತ ಇಡುವ ರಟ್ಟಿನ ಚೌಕಟ್ಟು), ಗಾಜು, ಸಾಗಣೆ, ಗ್ಯಾಲರಿಯ ಕಮಿಷನ್. ಅರ್ಧ ಗಂಟೆಯ ಲೆಕ್ಕ ಹಾಕುವವರು ಇದನ್ನೂ ಕೂಡಿಸಲಿ.

ಹಸಿರಿನ ಬಗ್ಗೆ ಒಂದು ಮಾತು, ಮಂಡ್ಯದವರು ಒಪ್ಪುತ್ತಾರೆ. ಟ್ಯೂಬಿನಿಂದ ನೇರ ಹಿಂಡಿದ ಹಸಿರಿನಲ್ಲಿ ಗದ್ದೆ ಬರೆದರೆ ಪ್ಲಾಸ್ಟಿಕ್ ಹಾಸಿದಂತೆ ಕಾಣುತ್ತದೆ. ನಾಟಿಯಾದ ಹೊಸತರಲ್ಲಿ ಭತ್ತದ ಪೈರು ಹಳದಿಗೆ ಹತ್ತಿರ, ನಡುವೆ ಆಕಾಶ ಬಿಂಬಿಸುವ ನೀರು ಕಾಣುತ್ತಿರುತ್ತದೆ. ಕಬ್ಬು ನೀಲಿಗೆ ಹತ್ತಿರ, ತಳದಲ್ಲಿ ಒಣಗರಿಯ ಕಂದು. ಎರಡಕ್ಕೂ ನೀಲಿ, ಹಳದಿ, ಒಂದು ಚೂರು ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಸಾಕು, ಪ್ರಮಾಣ ಮಾತ್ರ ಬೇರೆ. ವಿಶ್ವೇಶ್ವರಯ್ಯ ನಾಲೆಯ ಬದಿಯಲ್ಲಿ ಸಂಜೆ ಬಿಸಿಲಿಗೆ ಎದುರಾಗಿ ನಿಂತ ಕಬ್ಬಿನ ಸೂಲಂಗಿ ಬೆಳ್ಳಗೆ ಉರಿಯುವುದನ್ನು ಬಿಳಿ ಬಣ್ಣ ಹಚ್ಚಿ ತೋರಿಸಲಾಗದು. ಹಿಂದಿನ ಮರಗಳ ಕಡುಬಣ್ಣವನ್ನು ಬಹುಮಟ್ಟಿಗೆ ಒಣಗಿದ ಕುಂಚದಿಂದ ಅದರ ಸುತ್ತ ಒರಸಿ, ಕಾಗದದ ಉಬ್ಬುಗಳನ್ನು ಹಾಗೇ ಬಿಡಬೇಕು. ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿಗಳನ್ನೂ ಎಲ್ಲರೂ ಬರೆಯುತ್ತಾರೆ, ಸ್ವಲ್ಪ ಅತಿಯಾಗಿಯೇ ಬರೆಯುತ್ತಾರೆ. ಅಲ್ಲಿ ನಿಜವಾದ ವಿಷಯ ಕುಂಕುಮವಲ್ಲ, ಮೇಲೆ ಕಟ್ಟಿದ ಟಾರ್ಪಾಲಿನ ನೀಲಿ ಬೆಳಕು ರಾಶಿಯ ನೆರಳು ಮಗ್ಗುಲಲ್ಲಿ ನೇರಳೆಯಾಗುವುದು.

ಶಿಬಿರಗಳ ಶಾಮಿಯಾನಾ ಮಾಡುವುದೂ ಅದನ್ನೇ. ಕೆಂಪು, ಹಳದಿ ಪಟ್ಟಿಯ ಬಟ್ಟೆಯ ಕೆಳಗೆ ಬಿಳಿ ಕಾಗದ ಕಿತ್ತಳೆಯಾಗಿ ಕಾಣುತ್ತದೆ, ಕಲಾವಿದರು ಗೊತ್ತಿಲ್ಲದೆ ನೀಲಿ ಜಾಸ್ತಿ ಬೆರೆಸುತ್ತಾರೆ, ಹೊರಗೆ ತಂದಾಗ ಚಿತ್ರ ತಣ್ಣಗೆ ಸತ್ತಿರುತ್ತದೆ. ಬಿಳಿ ಬಟ್ಟೆ ಕಟ್ಟಿಸಿದರೆ ಖರ್ಚೇನೂ ಹೆಚ್ಚುವುದಿಲ್ಲ. ಬಯಲಲ್ಲಿ ಕೂತವರಿಗೆ ಬಿಸಿಲು ಕಾಗದದ ಮೇಲೆ ನೇರ ಬೀಳಬಾರದು. ಬಿದ್ದರೆ ಬಣ್ಣ ತಿಳಿಯಾಗಿ ಕಂಡು ಕೈ ತಾನಾಗಿ ದಟ್ಟ ಹಚ್ಚುತ್ತದೆ, ಮನೆಯೊಳಗೆ ಚಿತ್ರ ಕಪ್ಪಾಗಿ ಕಾಣುತ್ತದೆ.

ಶಿಬಿರದ ವೇಳಾಪಟ್ಟಿಯಂತೂ ಜಲವರ್ಣಕ್ಕೆ ಶತ್ರು. ನೆರಳು ಉದ್ದಕ್ಕೆ ಬಿದ್ದು ದೃಶ್ಯಕ್ಕೆ ರೂಪ ಬರುವುದು ಬೆಳಿಗ್ಗೆ ಏಳರಿಂದ ಒಂಬತ್ತೂವರೆ. ಉದ್ಘಾಟನೆ ಹನ್ನೊಂದಕ್ಕೆ, ಭಾಷಣ ಮುಗಿಯುವುದು ಹನ್ನೆರಡೂವರೆಗೆ, ಆಮೇಲೆ ಊಟ. ನೆತ್ತಿಯ ಬಿಸಿಲಿನಲ್ಲಿ ಏನು ಬರೆಯುವುದು? ಅತಿಥಿಗಳನ್ನು ಸಂಜೆಯ ಸಮಾರೋಪಕ್ಕೆ ಕರೆದರೆ ಅವರಿಗೂ ನೋಡಲು ಚಿತ್ರಗಳಿರುತ್ತವೆ. ಎಲ್ಲರಿಗೂ 3×4 ಅಡಿಯ ಕ್ಯಾನ್ವಾಸ್, ಅಕ್ರಿಲಿಕ್ ಡಬ್ಬಿ ಹಂಚುವ ರೂಢಿಯೂ ಹಾಗೆಯೇ. ಜಲವರ್ಣದವರಿಗೆ ಎರಡು ಪೂರ್ಣ ಹಾಳೆ 300 ಜಿಎಸ್‌ಎಂ ಕಾಗದ, ಒಂದು ಬೋರ್ಡು ಕೊಡಿ, ಬಣ್ಣ ಅವರೇ ತರುತ್ತಾರೆ. ಅಳತೆ ಸಣ್ಣದು ಎಂದು ಗೌರವಧನ ಕಡಿಮೆ ಮಾಡುವುದು ನ್ಯಾಯವಲ್ಲ, ಕಾಗದ ಬರುವುದೇ ಆ ಅಳತೆಯಲ್ಲಿ.

ಸಂಜೆ ಚಿತ್ರಗಳನ್ನು ಸಂಗ್ರಹಿಸುವಾಗ ಅವನ್ನು ಒಂದರ ಮೇಲೊಂದು ಪೇರಿಸಿ ಸ್ಟೇಪ್ಲರ್ ಹೊಡೆಯುವುದನ್ನು ದಯವಿಟ್ಟು ನಿಲ್ಲಿಸಿ. ಗೋಂದು ತೇವಕ್ಕೆ ಮತ್ತೆ ಕರಗುವ ವಸ್ತು. ಮಳೆಗಾಲದ ರಾತ್ರಿ ಉಗ್ರಾಣದಲ್ಲಿ ಪೇರಿಸಿಟ್ಟರೆ ದಟ್ಟ ಬಣ್ಣದ ಭಾಗ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ನಡುವೆ ಬಟರ್ ಪೇಪರ್ ಹಾಕಿ, ಎರಡು ರಟ್ಟಿನ ಮಧ್ಯೆ ಮಲಗಿಸಿಡಬೇಕು. ಸುರುಳಿ ಸುತ್ತುವುದು ಬೇಡ.

ಇನ್ನು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಕಟ್ಟು. ಫೋಟೋಗೆ, ದೇವರ ಪಟಕ್ಕೆ ಹಾಕುವ ಕಟ್ಟನ್ನೇ ಜಲವರ್ಣಕ್ಕೂ ಹಾಕುತ್ತಾರೆ: ಗಾಜಿಗೆ ಚಿತ್ರ ತಾಗಿಸಿ, ಹಿಂದೆ ಹಾರ್ಡ್‌ಬೋರ್ಡ್ ಇಟ್ಟು, ಮೊಳೆ ಹೊಡೆದು, ಕಂದು ಟೇಪು ಸುತ್ತಿ ಕೊಡುವುದು. ರಾತ್ರಿಯ ತಂಪಿಗೆ ಗಾಜಿನ ಒಳಮುಖದಲ್ಲಿ ತೇವ ಕೂರುತ್ತದೆ, ಅದು ನೇರ ಚಿತ್ರಕ್ಕೆ ತಾಗುತ್ತದೆ. ಮೊದಲು ಬೂಷ್ಟು, ಆಮೇಲೆ ಬಣ್ಣ ಗಾಜಿಗೆ ಅಂಟುವುದು. ಹಾರ್ಡ್‌ಬೋರ್ಡಿನಲ್ಲಿರುವ ಆಮ್ಲ ಕಾಗದಕ್ಕೆ ಇಳಿದು ಕಂದು ಕಲೆ ಮಾಡುತ್ತದೆ. ಸೆಲ್ಲೊಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿ ಎಣ್ಣೆಯಂತಾಗಿ ಹಾಳೆಯ ಮುಂಬದಿಗೂ ಮೂಡುತ್ತದೆ. ಸುಕ್ಕು ಕಾಣಬಾರದೆಂದು ಚಿತ್ರದ ಬೆನ್ನಿಗೆಲ್ಲ ಫೆವಿಕಾಲ್ ಬಳಿದು ಪ್ಲೈವುಡ್‌ಗೆ ಅಂಟಿಸಿದರೆ ಮತ್ತೆ ಬಿಡಿಸಲಾಗದು. ಲ್ಯಾಮಿನೇಶನ್ ಅಂತೂ ಚಿತ್ರದ ಕೊನೆ: ಬಿಸಿ ಪ್ಲಾಸ್ಟಿಕ್ ಕಾಗದದ ನಾರಿನೊಳಗೇ ಇಳಿಯುತ್ತದೆ.

ಬೇಕಾದ ಕಟ್ಟು ಹೀಗೆ. ಮುಂದೆ ಆಮ್ಲರಹಿತ ಮೌಂಟ್ ಬೋರ್ಡು, ಸುತ್ತ ಎರಡೂವರೆಯಿಂದ ಮೂರು ಇಂಚು ಅಗಲ. ಅದರ ಕೆಲಸ ಅಂದಕ್ಕಿಂತ ಹೆಚ್ಚಾಗಿ ಗಾಜನ್ನು ಚಿತ್ರದಿಂದ ದೂರ ಇಡುವುದು. ಚಿತ್ರವನ್ನು ಮೇಲಂಚಿನಲ್ಲಿ ಎರಡೇ ಕಡೆ, ತೆಳು ಗಟ್ಟಿ ಕಾಗದದ ಪಟ್ಟಿಯಿಂದ ತೂಗುಬಿಡಬೇಕು, ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗಲು ಜಾಗ ಇರಬೇಕು. ಪಟ್ಟಿ ಅಂಟಿಸಲು ಗೋಧಿ ಪಿಷ್ಟದ ಅಂಟು ಉತ್ತಮ, ನೀರು ತಾಗಿಸಿ ಬಿಡಿಸಬಹುದು. ಆದರೆ ನಮ್ಮಲ್ಲಿ ಮೈದಾ ಅಂಟಿಗೆ ಹುಳು ಬಾರದಿರಲೆಂದು ಮೈಲುತುತ್ತ ಹಾಕಿ ಕುದಿಸುವ ರೂಢಿಯಿದೆ. ತಾಮ್ರದ ಆ ಉಪ್ಪು ಕಾಗದವನ್ನು ಪುಡಿಪುಡಿಯಾಗಿಸುತ್ತದೆ, ಅದು ಬೇಡವೇ ಬೇಡ. ಬೆನ್ನಿಗೆ ಇನ್ನೊಂದು ಆಮ್ಲರಹಿತ ಬೋರ್ಡು, ಅದರ ಹಿಂದೆ ಬೇಕಾದರೆ ಪ್ಲೈ. ಹಿಂಬದಿ ಪೂರ್ತಿ ಟೇಪು ಸುತ್ತಿ ಧೂಳು ಮತ್ತು ಬೆಳ್ಳಿಹುಳು ಒಳಬರದಂತೆ ಮುಚ್ಚಬೇಕು. ಈ ಹುಳುವಿಗೆ ಸೈಜಿಂಗ್ ಮತ್ತು ಪಿಷ್ಟ ಎರಡೂ ಪ್ರಿಯ. ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆ ಮತ್ತು ಕಟ್ಟಿನ ನಡುವೆ ಗಾಳಿ ಆಡುತ್ತದೆ.

ತೂಕವನ್ನೂ ಲೆಕ್ಕ ಹಾಕಿ. ಗಾಜು ಒಂದು ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆಜಿ. ಪೂರ್ಣ ಹಾಳೆಯ ಚಿತ್ರಕ್ಕೆ ಮೌಂಟು ಸೇರಿ 28×36 ಇಂಚಿನ ಕಟ್ಟಾದರೆ 2 ಮಿಲಿಮೀಟರ್ ಗಾಜೇ ಮೂರು ಕೆಜಿ ಮೀರುತ್ತದೆ. ಪ್ರದರ್ಶನಗಳಲ್ಲಿ ನೈಲಾನ್ ದಾರ ಜಾರಿ ಕಟ್ಟು ಬೀಳುವುದು ಇದರಿಂದ. ಒಡೆದ ಗಾಜಿನ ಚೂರು ಚಿತ್ರವನ್ನೇ ಸೀಳುತ್ತದೆ. ಊರಿಂದೂರಿಗೆ ಸಾಗಿಸುವುದಾದರೆ ಅಕ್ರಿಲಿಕ್ ಹಾಳೆ ಹಗುರ, ಒಡೆಯುವ ಭಯ ಕಡಿಮೆ. ಗೀರು ಬೀಳುತ್ತದೆ, ಒಣಬಟ್ಟೆಯಿಂದ ಉಜ್ಜಬಾರದು.

ಸಭಾಂಗಣಕ್ಕೆ ಬಂದರೆ, ಕಾಗದದ ಮೇಲಿನ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಇಟ್ಟುಕೊಂಡ ಬೆಳಕಿನ ಮಿತಿ 50 ಲಕ್ಸ್, ತೈಲವರ್ಣಕ್ಕೆ 200. ವಾರದ ಪ್ರದರ್ಶನಕ್ಕೆ ಅಷ್ಟು ಬಿಗಿ ಬೇಡ, ಆದರೆ ಕಿಟಕಿಯ ಬಿಸಿಲು ಬೀಳುವ ಗೋಡೆಯನ್ನು ಜಲವರ್ಣಕ್ಕೆ ಕೊಡಬೇಡಿ. ಕಿಟಕಿಗೆ ಎದುರು ಗೋಡೆಯೂ ಬೇಡ. ಅಲ್ಲಿ ಗಾಜಿನಲ್ಲಿ ನೋಡುವವರಿಗೆ ಕಾಣುವುದು ತಮ್ಮದೇ ಮುಖ. ಚಿತ್ರದ ನಡುಬಿಂದು ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಲಿ, ದೀಪ ಮೇಲಿನಿಂದ 30 ಡಿಗ್ರಿ ಓರೆಯಲ್ಲಿ ಬೀಳಲಿ. ಸಣ್ಣ ಚಿತ್ರಗಳನ್ನು ದೊಡ್ಡ ಕ್ಯಾನ್ವಾಸುಗಳ ನಡುವೆ ಉಳಿದ ಸಂದಿಗೆ ತುರುಕದೆ ಒಂದೇ ಗೋಡೆಯಲ್ಲಿ ಸಾಲಾಗಿ ಹಾಕಿ. ಮಳೆಗಾಲದಲ್ಲಿ ಹೊರಗೋಡೆ ಮುಟ್ಟಿ ನೋಡಿ, ತಣ್ಣಗೆ ಒದ್ದೆ ಅನಿಸಿದರೆ ಅಲ್ಲಿ ಏನನ್ನೂ ನೇತುಹಾಕಬೇಡಿ. ಪ್ರದರ್ಶನ ಮುಗಿದ ಮೇಲೆ ಕಚೇರಿಗಳಿಗೆ ಹೋಗುವ ಚಿತ್ರಗಳ ಗತಿ ಇನ್ನೂ ಕಷ್ಟ. ಪಡುವಣ ಕಿಟಕಿಯ ಪಕ್ಕ ಹಾಕಿದ್ದನ್ನು ವರ್ಗವಾಗಿ ಬಂದ ಯಾವ ಅಧಿಕಾರಿಯೂ ಕದಲಿಸುವುದಿಲ್ಲ. ವರ್ಷಕ್ಕೊಮ್ಮೆ ಗೋಡೆ ಬದಲಿಸಿದರೂ, ಕೆಲವು ತಿಂಗಳು ಬೀರುವಿನಲ್ಲಿ ವಿಶ್ರಾಂತಿ ಕೊಟ್ಟರೂ ಆಯುಸ್ಸು ಹೆಚ್ಚುತ್ತದೆ.

ಚಿತ್ರಸಂತೆಗಳಲ್ಲಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಡಿಜಿಟಲ್ ಮುದ್ರಣವನ್ನು ಹತ್ತಿ ಕಾಗದದ ಮೇಲೆ ತೆಗೆದು ಮೂಲ ಚಿತ್ರ ಎಂದು ಮಾರುವವರು ಬಂದಿದ್ದಾರೆ. ಒಂದು ಭೂತಗನ್ನಡಿ ಜೇಬಿನಲ್ಲಿರಲಿ. ಮುದ್ರಣದಲ್ಲಿ ಎಲ್ಲ ಬಣ್ಣವೂ ಸಣ್ಣ ಚುಕ್ಕಿಗಳಿಂದ ಆಗಿರುತ್ತದೆ. ಕೈಯಲ್ಲಿ ಬರೆದದ್ದರಲ್ಲಿ ಪುಡಿಯ ಕಣಗಳು ಕಾಗದದ ಗುಳಿಗಳಲ್ಲಿ ಕೂತಿರುತ್ತವೆ, ವಾಶ್‌ನ ಅಂಚಿನಲ್ಲಿ ಬಣ್ಣ ದಟ್ಟವಾಗಿ ಗೆರೆಗಟ್ಟಿರುತ್ತದೆ, ಅಡಿಯಲ್ಲಿ ಪೆನ್ಸಿಲ್ ಗೆರೆ ಓರೆ ಬೆಳಕಿಗೆ ಬೆಳ್ಳಿಯಂತೆ ಹೊಳೆಯುತ್ತದೆ. ಮುದ್ರಣ ಕೊಳ್ಳುವುದು ತಪ್ಪಲ್ಲ, ಮುದ್ರಣ ಎಂದು ಹೇಳಿ ಮುದ್ರಣದ ಬೆಲೆಗೆ ಕೊಡಬೇಕು ಅಷ್ಟೇ. ಮಾರುವವರನ್ನು ಮೂರು ಪ್ರಶ್ನೆ ಕೇಳಿ: ಕಾಗದ ಹತ್ತಿಯದೇ? ಬಣ್ಣಗಳ ಸಂಕೇತ ಬರೆದುಕೊಡುತ್ತೀರಾ? ಮೌಂಟು ಆಮ್ಲರಹಿತವೇ? ಉತ್ತರ ತಡವರಿಸಿದರೆ ಮುಂದಿನ ಮಳಿಗೆಗೆ ಹೋಗಿ.

ಸಂಘಟಕರಲ್ಲಿ ನಮ್ಮ ಕೋರಿಕೆಗಳು ದುಬಾರಿಯವಲ್ಲ. ದಸರಾ ಶಿಬಿರದ ಅರ್ಜಿಯಲ್ಲಿ ಮಾಧ್ಯಮದ ಕಾಲಂ ಇರಲಿ, ಕಾಗದದವರಿಗೆ ಕಾಗದ ಸಿಗಲಿ. ಬಹುಮಾನದ ತೀರ್ಪಿನಲ್ಲಿ ಜಲವರ್ಣವನ್ನು ಕ್ಯಾನ್ವಾಸ್ ಜೊತೆ ಅಳತೆಯಿಂದ ತೂಗದೆ ಬೇರೆ ವಿಭಾಗ ಮಾಡಲಿ. ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾದಂಥ ಸಂಸ್ಥೆಗಳು ನಗರದ ಕಟ್ಟು ಹಾಕುವವರನ್ನು ಕರೆದು ಒಂದು ದಿನದ ತರಬೇತಿ ಕೊಡಲಿ. ಅವರ ಕೈಚಳಕಕ್ಕೆ ಕೊರತೆಯೇನಿಲ್ಲ, ಸಾಮಗ್ರಿಯ ತಿಳಿವಳಿಕೆ ಸೇರಿದರೆ ಸಾಕು. ಆಮ್ಲರಹಿತ ಬೋರ್ಡನ್ನು ಹತ್ತು ಅಂಗಡಿಯವರು ಒಟ್ಟಾಗಿ ತರಿಸಿದರೆ ಬೆಲೆಯೂ ಇಳಿಯುತ್ತದೆ.

ಮನೆಯಲ್ಲಿ ಹಳೆಯ ಜಲವರ್ಣ ಇರುವವರು ಈ ವಾರ ಅದನ್ನು ಗೋಡೆಯಿಂದ ಇಳಿಸಿ ಬೆನ್ನು ನೋಡಲಿ. ಹಾರ್ಡ್‌ಬೋರ್ಡ್ ಉಬ್ಬಿದ್ದರೆ, ಟೇಪು ಬಿಟ್ಟುಕೊಂಡಿದ್ದರೆ ಬಿಚ್ಚಿಸಿ ಹೊಸ ಕಟ್ಟು ಹಾಕಿಸಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರಸಬೇಡಿ, ಬಿಸಿಲಿಗೂ ಇಡಬೇಡಿ. ಗಾಳಿಯಾಡುವ ನೆರಳಿನಲ್ಲಿ ಪೂರ್ತಿ ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೆತ್ತನೆಯ ಒಣ ಕುಂಚದಿಂದ ಹೊರಮುಖವಾಗಿ ಕೊಡವಿ. ಚಿತ್ರ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಗಾಜಿನ ಸಮೇತ ಕಾಗದ ಸಂರಕ್ಷಣೆ ಬಲ್ಲವರಲ್ಲಿಗೆ ಒಯ್ಯಿರಿ.

ಇಂತಿ,
ಮೈಸೂರು ಮತ್ತು ಮಂಡ್ಯದ ಕೆಲವು ಜಲವರ್ಣ ಕಲಾವಿದರು